ತೋಟದ ತಂಪಿನ ಮೂಲ ಬೆಟ್ಟದಲ್ಲಿ

(ಬೇಸಿಗೆಯ ಆರಂಭದ ತೋಟದ ಆರೈಕೆಯನ್ನು ಕುರಿತು ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಶಿವರಾತ್ರಿ ಕಳೆದಿದೆ. ಕೊನೆ ಕೊಯ್ಲು ಮುಗಿದು, ಚಾಲಿ ಇನ್ನೂ ಅಂಗಳದಲ್ಲಿ ಒಣಗುತ್ತಿದೆ. ಮುಂಜಾನೆ ಸ್ವಲ್ಪ ಇಬ್ಬನಿ ಉಳಿದಿದ್ದರೂ ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಬೆನ್ನು ಸುಡಲಾರಂಭಿಸುತ್ತದೆ. ಮೊದಲ ಅಡ್ಡಮಳೆ ಬೀಳಲು ಇನ್ನೂ ಒಂದೂವರೆ ತಿಂಗಳಾದರೂ ಬೇಕು. ಹೀಗೆ ಚಳಿಗಾಲ ಮುಗಿದು ಕಡುಬೇಸಿಗೆ ಆರಂಭವಾಗದಿರುವ ಈ ಕೆಲವು ವಾರಗಳಲ್ಲಿ ತೋಟದಲ್ಲಿ ನಡೆಯಬೇಕಾದ ಕೆಲಸಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಎದುರಿಗೆ ಕುಳಿತಿರುವ ಹಿರಿಯರು ನನಗಿಂತ ಹೆಚ್ಚು ವರ್ಷ ತೋಟ ಮಾಡಿದವರು. ಅವರಿಗೆ ತಿಳಿಯದ ಹೊಸ ವಿಷಯ ಇಲ್ಲಿ ಕಡಿಮೆ. ಆದರೆ ತಿಳಿದಿದ್ದೂ ಕೈಬಿಟ್ಟಿರುವ ಸಂಗತಿಗಳು ಹಲವಿವೆ. ಅವುಗಳನ್ನು ವಿದ್ಯಾರ್ಥಿಗಳ ಸಮ್ಮುಖದಲ್ಲಿ ಮತ್ತೊಮ್ಮೆ ಪ್ರಸ್ತಾಪಿಸುವುದು ಅಗತ್ಯವೆಂದು ಭಾವಿಸಿದ್ದೇನೆ.

ತೋಟವೆಂದರೆ ನಮ್ಮ ಸೀಮೆಯಲ್ಲಿ ಅಡಿಕೆ ತೋಟ. ಅದರೊಳಗೆ ಮೆಣಸಿನ ಬಳ್ಳಿ, ಏಲಕ್ಕಿ, ಬಾಳೆ, ಅಂಚಿನಲ್ಲಿ ಒಂದೆರಡು ತೆಂಗು. ಬೇಸಿಗೆ ಬಂತೆಂದರೆ ಇಂದು ನಮಗೆ ಮೊದಲು ನೆನಪಾಗುವುದು ಪಂಪು, ಪೈಪು, ವಿದ್ಯುತ್ತಿನ ವೇಳಾಪಟ್ಟಿ. ನೀರು ಕೊಡುವುದೇ ಬೇಸಿಗೆಯ ಆರೈಕೆ ಎಂಬ ಭಾವನೆ ಬೆಳೆದುಬಿಟ್ಟಿದೆ. ನೀರು ಕೊಡುವುದು ಎರಡನೆಯ ಕೆಲಸ, ಇರುವ ತಂಪನ್ನು ಆರಿಹೋಗದಂತೆ ಕಾಯುವುದು ಮೊದಲನೆಯದು ಎಂಬುದು ನನ್ನ ಅಭಿಪ್ರಾಯ. ಆ ಮೊದಲ ಕೆಲಸ ತೋಟದ ಬೇಲಿಯ ಒಳಗೆ ಮುಗಿಯುವಂಥದಲ್ಲ. ಅದು ಮೇಲಿನ ಬೆಟ್ಟದವರೆಗೆ ಹೋಗುತ್ತದೆ.

ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಲೆಕ್ಕ ಹೇಳುತ್ತೇನೆ. ಅಡಿಕೆಯನ್ನು ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರಗಳಾಗುತ್ತವೆ. ಕಾಸರಗೋಡಿನಲ್ಲಿ ಕೇಂದ್ರ ಕಚೇರಿ ಹಾಗೂ ವಿಟ್ಲದಲ್ಲಿ ಅಡಿಕೆಯ ಕೇಂದ್ರ ಇರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ, ಹಾಯಿಸಿ ನೀರು ಕೊಡುವುದಾದರೆ ಮರವೊಂದಕ್ಕೆ ಪ್ರತಿ ಸಲ 175 ಲೀಟರ್ ಬೇಕು. ನವೆಂಬರ್-ಡಿಸೆಂಬರಿನಲ್ಲಿ ಏಳೆಂಟು ದಿನಕ್ಕೊಮ್ಮೆ, ಜನವರಿ-ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚಿನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ. ಅಂದರೆ ಒಂದು ಎಕರೆಗೆ ಒಂದು ಸುತ್ತಿಗೆ 96 ಸಾವಿರ ಲೀಟರ್. ಐದು ದಿನಕ್ಕೊಮ್ಮೆ ಎಂದು ಹಿಡಿದರೂ ದಿನವೊಂದಕ್ಕೆ ಹತ್ತೊಂಬತ್ತು ಸಾವಿರ ಲೀಟರ್ ದಾಟುತ್ತದೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಆಗ ಎಕರೆಗೆ ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್, ನೂರು ದಿನದ ಬೇಸಿಗೆಗೆ ಹತ್ತು ಲಕ್ಷ ಲೀಟರ್ ಆಯಿತು.

ಈಗ ಮಳೆಯ ಲೆಕ್ಕ ಹಾಕೋಣ. ವರ್ಷಕ್ಕೆ 2500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಒಂದು ಎಕರೆ ನೆಲದ ಮೇಲೆ ಬೀಳುವ ನೀರು ಒಂದು ಕೋಟಿ ಲೀಟರ್. ಬೇಸಿಗೆಯಲ್ಲಿ ನಾವು ಪರದಾಡುವುದು ಅದರ ಹತ್ತನೆಯ ಒಂದು ಪಾಲಿಗಾಗಿ! ತೋಟದ ಹಿಂದೆ ಐದಾರು ಎಕರೆ ಬೆಟ್ಟವಿದ್ದರೆ ಅಲ್ಲಿಯೂ ಐದಾರು ಕೋಟಿ ಲೀಟರ್ ಸುರಿದಿರುತ್ತದೆ. ಹೀಗಿದ್ದೂ ಏಪ್ರಿಲಿನಲ್ಲಿ ಬಾವಿಯ ತಳ ಕಾಣುತ್ತದೆ. ಮಳೆ ಕಡಿಮೆಯಾದ ವರ್ಷಗಳು ಇಲ್ಲವೆಂದಲ್ಲ. 2023ರಂಥ ವರ್ಷದ ಬಳಿಕ ಬಂದ ಬೇಸಿಗೆಯನ್ನು ಯಾರೂ ಮರೆತಿಲ್ಲ. ಆದರೆ ಚೆನ್ನಾಗಿ ಮಳೆಯಾದ ವರ್ಷದಲ್ಲೂ ಒರತೆಗಳು ಬೇಗ ಬತ್ತುತ್ತಿದ್ದರೆ, ಬಿದ್ದ ನೀರನ್ನು ನೆಲ ಹಿಡಿದಿಟ್ಟುಕೊಳ್ಳುತ್ತಿಲ್ಲ ಎಂದೇ ಅರ್ಥ ಮಾಡಬೇಕಾಗುತ್ತದೆ.

ಆದ್ದರಿಂದ ಮೊದಲು ಮುಚ್ಚಿಗೆಯ ವಿಷಯ. ಅಡಿಕೆಯ ಬೇರು ಆಳಕ್ಕೆ ಹೋಗುವಂಥದಲ್ಲ. ಮರದ ಸುತ್ತ, ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಅದರ ಬಹುಪಾಲು ಬೇರು ಹರಡಿರುತ್ತದೆ. ಬೇಸಿಗೆಯಲ್ಲಿ ಮೊದಲು ಕಾಯುವುದೂ ಒಣಗುವುದೂ ಅದೇ ಪದರ. ಅಲ್ಲಿ ನೆಲ ಬರಿದಾಗಿದ್ದರೆ ಸಂಜೆ ಕೊಟ್ಟ ನೀರಿನಲ್ಲಿ ಗಣನೀಯ ಪಾಲು ಮರುದಿನದ ಬಿಸಿಲಿಗೆ ಆವಿಯಾಗುತ್ತದೆ. ಮೇಲೆ ನಾಲ್ಕರಿಂದ ಆರು ಅಂಗುಲ ದಪ್ಪ ದರಕು ಅಥವಾ ಸೊಪ್ಪು ಇದ್ದರೆ ಬಿಸಿಲು ಮಣ್ಣನ್ನು ಮುಟ್ಟುವುದಿಲ್ಲ. ಕೈಯಿಂದ ದರಕನ್ನು ಸರಿಸಿ ಮಣ್ಣು ಹಿಡಿದು ನೋಡಿದರೆ ಮಧ್ಯಾಹ್ನದಲ್ಲೂ ತಂಪಾಗಿರುತ್ತದೆ. ಎರೆಹುಳು ಮೇಲಿನ ಪದರದಲ್ಲೇ ಕಾಣಿಸುತ್ತದೆ. ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ.

ಮುಚ್ಚಿಗೆ ಹಾಕುವ ಕಾಲ ಮುಖ್ಯ. ನೆಲದಲ್ಲಿ ಇನ್ನೂ ಪಸೆ ಇರುವಾಗ, ಅಂದರೆ ಈಗಲೇ, ಅದು ಮುಗಿಯಬೇಕು. ಒಣಗಿ ಬಿರಿದ ನೆಲದ ಮೇಲೆ ದರಕು ಹರಡಿದರೆ ಒಣಗಿದ್ದನ್ನು ಮುಚ್ಚಿಟ್ಟಂತಾಗುತ್ತದೆಯೇ ಹೊರತು ತಂಪನ್ನಲ್ಲ. ಪಸೆ ಆರಿದ್ದರೆ ಒಂದು ಸುತ್ತು ನೀರು ಕೊಟ್ಟು ಮರುದಿನ ಹರಡಬೇಕು. ಮರದ ಬುಡಕ್ಕೆ ಒತ್ತಿ ಹಾಕದೆ ಒಂದು ಗೇಣು ಬಿಟ್ಟು ಹಾಕುವುದು ಒಳ್ಳೆಯದು. ಈ ಸಮಯದಲ್ಲಿ ಗುದ್ದಲಿ ಹಿಡಿದು ಬುಡ ಕೆದಕುವ ಅಭ್ಯಾಸ ಬೇಡವೆಂದು ಒತ್ತಿ ಹೇಳುತ್ತೇನೆ. ಬೇಸಿಗೆಯಲ್ಲಿ ಬೇರು ಕಡಿದ ಮರಕ್ಕೆ ಚೇತರಿಸಿಕೊಳ್ಳಲು ಮಳೆಗಾಲದವರೆಗೆ ಅವಕಾಶವಿಲ್ಲ. ಕಳೆಯನ್ನೂ ಬೇರು ಸಹಿತ ಕೀಳುವುದಕ್ಕಿಂತ ಕತ್ತಿಯಿಂದ ಸವರಿ ಅಲ್ಲೇ ಕೆಡವುವುದು ಲೇಸು. ಕಳೆನಾಶಕದ ಡಬ್ಬಿಯನ್ನು ಪೇಟೆಯಲ್ಲೇ ಬಿಟ್ಟು ಬನ್ನಿ.

ತೋಟದೊಳಗೇ ಎಷ್ಟು ಮುಚ್ಚಿಗೆ ಸಿಗುತ್ತದೆ ಎಂಬುದನ್ನೂ ಗಮನಿಸಬೇಕು. ಒಂದು ಅಡಿಕೆ ಮರ ವರ್ಷಕ್ಕೆ ಸುಮಾರು ಏಳು ಎಲೆ ಉದುರಿಸುತ್ತದೆ. ಎಕರೆಗೆ 3800ಕ್ಕೂ ಹೆಚ್ಚು ಸೋಗೆ. ಹಾಳೆಗೆ ಈಗ ತಟ್ಟೆ ಮಾಡುವವರಿಂದ ಬೇಡಿಕೆಯಿದೆ. ಮಾರುವವರು ಹಾಳೆಯನ್ನು ಮಾರಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಸೋಗೆಯನ್ನು ಒಟ್ಟುಮಾಡಿ ಬೆಂಕಿ ಹಾಕುವ ಹೊಸ ರೂಢಿಯೊಂದು ಅಲ್ಲಲ್ಲಿ ಕಾಣಿಸುತ್ತಿದೆ. ಹಿಂದೆ ಮಾಡಿಗೆ ಹೊದಿಸಲು ಸೋಗೆ ಸಾಲುತ್ತಿರಲಿಲ್ಲ. ಹಂಚು, ತಗಡು ಬಂದ ಮೇಲೆ ಅದು ಕಸವೆನಿಸಿತು. ಎರಡು ಮೂರು ತುಂಡು ಮಾಡಿ ಮರಗಳ ನಡುವೆ ಹಾಸಿದರೆ ಅದೇ ಮೊದಲ ಪದರ. ಅದರ ಮೇಲೆ ದರಕು ಹಾಕಿದರೆ ಗಾಳಿಗೆ ಹಾರುವುದೂ ಇಲ್ಲ.

ಇದಿಷ್ಟೇ ಸಾಲುವುದಿಲ್ಲ. ಅದೇ ಸಂಸ್ಥೆ ಮರವೊಂದಕ್ಕೆ ವರ್ಷಕ್ಕೆ ತಲಾ 12 ಕಿಲೋ ಹಸಿರೆಲೆ ಹಾಗೂ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಕೊಡಬೇಕೆನ್ನುತ್ತದೆ. ಎಕರೆಗೆ ಆರೂವರೆ ಟನ್ನಿಗೂ ಮೀರಿದ ಸೊಪ್ಪು! ಅದು ಎಲ್ಲಿಂದ ಬರಬೇಕು? ಇಲ್ಲಿಗೆ ನಾವು ಬೆಟ್ಟದ ವಿಷಯಕ್ಕೆ ಬಂದೆವು.

ಬ್ರಿಟಿಷರ ಕಾಲದಲ್ಲಿ, ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, ಕಾಡನ್ನೆಲ್ಲ ಸರಕಾರ ತನ್ನದಾಗಿಸಿಕೊಂಡಿತು. ಆದರೆ ಸೊಪ್ಪಿಲ್ಲದೆ ತೋಟವಿಲ್ಲ, ತೋಟವಿಲ್ಲದೆ ಕಂದಾಯವಿಲ್ಲ ಎಂಬುದನ್ನು ಅದೂ ಅರಿಯಬೇಕಾಯಿತು. ಹಾಗಾಗಿ ಒಂದು ಎಕರೆ ಬಾಗಾಯ್ತಿಗೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಕ್ರಮ ಇಲ್ಲಿ ಬಂತು. ಅದು ಇಂದಿಗೂ ಮುಂದುವರಿದಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೆಯ ಕಲಮು ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಹಳೆ ಮೈಸೂರಿನ ಕಾನು ಮತ್ತು ಸೊಪ್ಪಿನ ಬೆಟ್ಟ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಇವುಗಳ ಸೌಲಭ್ಯವನ್ನು ಉಳಿಸಿದೆ. ಒಂದು ಮಾತನ್ನು ಎಲ್ಲರೂ ನೆನಪಿಡಬೇಕು. ಇದು ಸೌಲಭ್ಯ, ಒಡೆತನವಲ್ಲ. ನೆಲ ಸರಕಾರದ್ದು, ಸೊಪ್ಪು ಸೌದೆ ನಮ್ಮದು. ಹೀಗೆ ಎರಡು ಯಜಮಾನಿಕೆಯ ನಡುವೆ ಸಿಕ್ಕ ವಸ್ತುವಿಗೆ ಏನಾಗುತ್ತದೋ ಅದೇ ಬೆಟ್ಟಕ್ಕೂ ಆಗಿದೆ. ಇಲಾಖೆ ಅದನ್ನು ರೈತರ ಬೆಟ್ಟವೆನ್ನುತ್ತದೆ, ರೈತರು ಇಲಾಖೆಯ ನೆಲವೆನ್ನುತ್ತಾರೆ, ಗಿಡ ನೆಡುವವರು ಯಾರೂ ಇಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಬಳಿ ಜನರು ಮರಗಳನ್ನು ಅಪ್ಪಿಕೊಂಡು ಕಡಿತಲೆಯನ್ನು ತಡೆದರು. ಅಪ್ಪಿಕೋ ಚಳವಳಿಯ ಕುರಿತು ನೀವು ಶಾಲೆಯಲ್ಲಿ ಓದಿರುತ್ತೀರಿ. ಅಂದು ಹೋದವರು ತೋಟದ ಕೆಲಸ ಬಲ್ಲ ಹಳ್ಳಿಗರು. ಮೇಲಿನ ಕಾಡು ಹೋದರೆ ಕೆಳಗಿನ ಹಳ್ಳ ಉಳಿಯದು ಎಂಬುದನ್ನು ಅವರಿಗೆ ಯಾರೂ ಪುಸ್ತಕ ತೆರೆದು ತೋರಿಸಬೇಕಾಗಿರಲಿಲ್ಲ. ಇಂದು ಗರಗಸ ಹಿಡಿದ ಗುತ್ತಿಗೆದಾರ ಎದುರಿಗಿಲ್ಲ. ಬೆಟ್ಟ ತೆಳ್ಳಗಾಗುತ್ತಿರುವುದು ನಮ್ಮದೇ ಕತ್ತಿ, ನಮ್ಮದೇ ಅಲಕ್ಷ್ಯದಿಂದ. ಹೀಗೆಂದರೆ ಕೆಲವರಿಗೆ ಬೇಸರವಾಗಬಹುದು, ಆದರೂ ಹೇಳಬೇಕಾದ ಮಾತು.

ಒಂದೇ ಊರಿನ ಎರಡು ಬೆಟ್ಟಗಳನ್ನು ಹೋಲಿಸಿ ನೋಡಿ. ಒಂದರಲ್ಲಿ ಮತ್ತಿ, ಕಿಂದಳ, ಹೊನ್ನೆ, ನೇರಳೆ, ಕವಲು, ಮುರುಗಲು ಎಲ್ಲ ವಯಸ್ಸಿನವೂ ಇರುತ್ತವೆ. ನಡೆದರೆ ಕಾಲಡಿ ದರಕು ಸದ್ದು ಮಾಡುತ್ತದೆ. ಇನ್ನೊಂದರಲ್ಲಿ ತುದಿಯವರೆಗೆ ಸವರಿದ ಬೋಳುಕಂಬದಂಥ ನಾಲ್ಕು ಮತ್ತಿಮರ, ಅವುಗಳ ನಡುವೆ ಒಣಗಿದ ಹುಲ್ಲು ಮತ್ತು ಕಮ್ಯುನಿಸ್ಟ್ ಗಿಡ. ಎರಡನೆಯ ಬೆಟ್ಟದಲ್ಲಿ ಮೊದಲ ಮಳೆಯ ಹನಿ ನೇರವಾಗಿ ಕಲ್ಲುಮಣ್ಣಿಗೆ ಬಡಿದು ಕೆಂಪು ನೀರಾಗಿ ಹರಿದುಹೋಗುತ್ತದೆ. ಮೊದಲನೆಯದರಲ್ಲಿ ಹನಿ ಎಲೆಯಿಂದ ಎಲೆಗೆ ಇಳಿದು, ದರಕಿನಲ್ಲಿ ನಿಂತು, ನಿಧಾನವಾಗಿ ಮಣ್ಣಿಗಿಳಿಯುತ್ತದೆ. ಅದೇ ನೀರು ಮಾರ್ಚ್ ತಿಂಗಳಿನಲ್ಲಿ ಕೆಳಗಿನ ತೋಟದ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ.

ಹಾಗಾದರೆ ದರಕು ಗುಡಿಸಲೇಬಾರದೆ? ಗುಡಿಸಬಾರದೆಂದರೆ ತೋಟಕ್ಕೆ ಮುಚ್ಚಿಗೆ ಎಲ್ಲಿಂದ ಎಂದು ನೀವು ಕೇಳುವುದು ನ್ಯಾಯವೇ. ನನ್ನ ಸಲಹೆ ಇಷ್ಟು. ಬೆಟ್ಟವನ್ನು ಮನಸ್ಸಿನಲ್ಲಿ ಮೂರು ಪಾಲು ಮಾಡಿ, ಪ್ರತಿ ವರ್ಷ ಒಂದು ಪಾಲನ್ನು ಮುಟ್ಟದೆ ಬಿಡಿ. ಕಡಿದಾದ ಇಳಿಜಾರು ಮತ್ತು ಒರತೆಯ ನೆತ್ತಿಯ ಜಾಗವನ್ನು ಯಾವ ವರ್ಷವೂ ಗುಡಿಸಬೇಡಿ. ಗುಡಿಸುವಲ್ಲಿಯೂ ಮೇಲಿನ ಒಣ ಎಲೆಯನ್ನಷ್ಟೇ ತೆಗೆದು, ಕೆಳಗಿನ ಅರೆಕೊಳೆತ ಕಪ್ಪು ಪದರವನ್ನು ಅಲ್ಲೇ ಬಿಡಿ. ಕಬ್ಬಿಣದ ಹಲ್ಲಿನ ಗೋರೆಯಿಂದ ಎಳೆದರೆ ಎಲೆಯೊಡನೆ ಮಣ್ಣು, ಬೀಜ, ಮೊಳೆತ ಸಸಿ ಎಲ್ಲವೂ ಬರುತ್ತವೆ. ಅಕೇಶಿಯಾ ನೆಡುತೋಪುಗಳಲ್ಲಿ ಬಿದ್ದ ಎಲೆಯನ್ನು ಬೇಕಾದರೆ ಧಾರಾಳವಾಗಿ ತನ್ನಿ. ಬೇಗ ಕೊಳೆಯುವುದಿಲ್ಲವೆಂದು ಅದನ್ನು ದೂರುತ್ತೇವೆ, ಮುಚ್ಚಿಗೆಗೆ ಮಾತ್ರ ಆ ದೋಷವೇ ಗುಣ. ಸೊಪ್ಪು ಕಡಿಯುವಾಗ ಮರದ ತುದಿಯನ್ನು ಉಳಿಸಿ, ಒಂದೇ ಮರವನ್ನು ವರ್ಷವರ್ಷವೂ ಹತ್ತಬೇಡಿ.

ಇನ್ನು ಬೆಂಕಿಯ ವಿಷಯ. ಮೇಲೆ ಹೇಳಿದ ಎಲ್ಲ ಆರೈಕೆಯನ್ನೂ ಒಂದು ಮಧ್ಯಾಹ್ನದಲ್ಲಿ ವ್ಯರ್ಥಗೊಳಿಸುವ ಶಕ್ತಿ ಅದಕ್ಕಿದೆ. ನಮ್ಮ ಕಾಡಿನ ಬೆಂಕಿ ಮರದ ನೆತ್ತಿಗೆ ಏರುವುದು ಅಪರೂಪ, ನೆಲದ ಮೇಲೆ ಹರಿದು ಹೋಗುತ್ತದೆ. ಆದ್ದರಿಂದ ಮರುವಾರ ನೋಡಿದವರು ಮರಗಳೆಲ್ಲ ನಿಂತೇ ಇವೆಯಲ್ಲ ಎಂದು ಸಮಾಧಾನಪಡುತ್ತಾರೆ. ಸುಟ್ಟಿರುವುದು ದರಕು, ಸಸಿ, ನೆಲದ ಬೀಜ, ಮಣ್ಣಿನ ಮೇಲ್ಪದರದ ಜೀವರಾಶಿ. ಬೂದಿಯನ್ನು ಮೊದಲ ಮಳೆ ಒಯ್ಯುತ್ತದೆ. ಮುಂದಿನ ವರ್ಷ ಅಲ್ಲಿ ಹುಲ್ಲು ಮತ್ತು ಕಮ್ಯುನಿಸ್ಟ್ ಗಿಡ ಇನ್ನಷ್ಟು ದಟ್ಟವಾಗುತ್ತವೆ, ಬೇಸಿಗೆಗೆ ಅವು ಒಣಗಿ ಮತ್ತೊಂದು ಬೆಂಕಿಗೆ ಸೌದೆಯಾಗುತ್ತವೆ. ಎಳೆಹುಲ್ಲು ಬರಲೆಂದು ಹಚ್ಚುವವರುಂಟು, ಬೇಟೆಗೆ ಹೋದವರುಂಟು, ರಸ್ತೆಬದಿಯಲ್ಲಿ ಬೀಡಿ ಎಸೆದವರುಂಟು. ತೋಟದ ಕಸ ಸುಡಲು ಹಚ್ಚಿದ್ದು ಬೇಲಿ ದಾಟಿದ್ದೂ ಉಂಟು. ಕಾಡಿಗೆ ಬೆಂಕಿಯಿಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಕಾವಲುಗಾರನೊಬ್ಬ ಎಷ್ಟು ಮೈಲಿ ಕಾಯಬಲ್ಲ?

ಆದ್ದರಿಂದ ದರಕು ಗುಡಿಸುವ ಕೆಲಸವನ್ನೇ ಬೆಂಕಿ ತಡೆಯುವ ಕೆಲಸವನ್ನಾಗಿ ಮಾಡಿಕೊಳ್ಳಬೇಕೆಂಬುದು ನನ್ನ ಮುಖ್ಯ ಸೂಚನೆ. ಬೆಟ್ಟದ ನಡುವೆ ಸಿಕ್ಕಿದಲ್ಲಿ ಗುಡಿಸುವ ಬದಲು ಅದರ ಅಂಚಿನಲ್ಲಿ, ಕಾಲುದಾರಿ ಮತ್ತು ರಸ್ತೆಯ ಪಕ್ಕದಲ್ಲಿ, ಹುಲ್ಲುಗಾವಲು ಕಾಡನ್ನು ಸಂಧಿಸುವಲ್ಲಿ, ಹತ್ತು ಹನ್ನೆರಡು ಅಡಿ ಅಗಲದ ಪಟ್ಟಿಯಾಗಿ ಗುಡಿಸಿ. ಒಣಗಿದ ಕಮ್ಯುನಿಸ್ಟ್ ಗಿಡವನ್ನು ಅಲ್ಲಿ ಬುಡಕ್ಕೆ ಸವರಿ. ಹೀಗೆ ಬೆಂಕಿ ರೇಖೆ ತನ್ನಿಂದ ತಾನೇ ಸಿದ್ಧವಾಗುತ್ತದೆ, ಗುಡಿಸಿದ್ದು ತೋಟ ಸೇರುತ್ತದೆ, ಬೆಟ್ಟದ ಒಡಲಿನ ದರಕು ಅಲ್ಲೇ ಉಳಿಯುತ್ತದೆ. ಮೂರು ನಾಲ್ಕು ಮನೆಯವರು ಸೇರಿದರೆ ಒಂದು ಗುಡ್ಡದ ಸುತ್ತಿಗೆ ಕೆಲವೇ ಬೆಳಗುಗಳ ಕೆಲಸ. ಬೆಂಕಿ ಬಿದ್ದಾಗ ವಿದ್ಯಾರ್ಥಿಗಳು ಉತ್ಸಾಹದಿಂದ ಓಡಬಾರದು. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಬಹಳ ವೇಗವಾಗಿ ಹತ್ತುತ್ತದೆ. ಅದರ ಮೇಲ್ಗಡೆ ಯಾರೂ ನಿಲ್ಲತಕ್ಕದ್ದಲ್ಲ. ಹಸಿ ಟೊಂಗೆಯಿಂದ ಬಡಿಯುವ ಕೆಲಸವನ್ನು ಬಲ್ಲ ಹಿರಿಯರಿಗೆ ಬಿಟ್ಟು, ಸುದ್ದಿ ಮುಟ್ಟಿಸುವುದು, ನೀರು ಒಯ್ಯುವುದು ನಿಮ್ಮ ಪಾಲಿನದಾಗಲಿ.

ಈ ದಿನಗಳಲ್ಲಿ ನಡೆಯುವ ಮತ್ತೊಂದು ಕೆಲಸವೆಂದರೆ ತೋಟಕ್ಕೆ ಹೊಸ ಮಣ್ಣು ಹಾಕುವುದು. ಮಳೆಗಾಲದಲ್ಲಿ ಬೇರು ಮೇಲೆದ್ದ ತೋಟಕ್ಕೆ ಕೆಲವು ವರ್ಷಗಳಿಗೊಮ್ಮೆ ಮಣ್ಣು ಏರಿಸುವುದು ಹಳೆಯ ಪದ್ಧತಿ, ಯೋಗ್ಯ ಪದ್ಧತಿಯೂ ಹೌದು. ಹಿಂದೆ ಗುದ್ದಲಿ ಬುಟ್ಟಿಗಳಲ್ಲಿ ಆಗುತ್ತಿದ್ದುದರಿಂದ ಕಡಿಯುವುದಕ್ಕೆ ತಾನಾಗಿಯೇ ಒಂದು ಮಿತಿಯಿತ್ತು. ಈಗ ಜೆಸಿಬಿ ಬಂದು ಒಂದು ದಿನದಲ್ಲಿ ಮೂವತ್ತು ಅಡಿ ಎತ್ತರದ ಧರೆಯನ್ನು ಗೋಡೆಯಂತೆ ನೆಟ್ಟಗೆ ಕತ್ತರಿಸಿ ಹೋಗುತ್ತದೆ. ಬುಡ ಕಳೆದುಕೊಂಡ ಆ ಧರೆಯ ಮೇಲೆ ಮಳೆಗಾಲದಲ್ಲಿ ನೀರು ತುಂಬಿದ ಗುಡ್ಡದ ಭಾರ ಬೀಳುತ್ತದೆ. 2018ರ ಆಗಸ್ಟಿನಲ್ಲಿ ಕೊಡಗು, 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆ, 2024ರ ಜುಲೈ 16ರಂದು ಅಂಕೋಲೆಯ ಶಿರೂರು, ಇವುಗಳಲ್ಲಿ ಪ್ರತಿಯೊಂದರ ಕಾರಣವೂ ಬೇರೆ, ಒಂದೊಂದಕ್ಕೂ ಹಲವು ಕಾರಣ. ಕಳಚೆಯಲ್ಲಿ ತೋಟಗಳೇ ಮಣ್ಣಿನಡಿ ಹೋದವು. ತೋಟದ ಮಣ್ಣಿಗಾಗಿ ಧರೆ ಕಡಿದುದರಿಂದ ಅವು ಕುಸಿದವು ಎಂದು ನಾನು ಹೇಳುತ್ತಿಲ್ಲ. ಭಾರೀ ಮಳೆಯಲ್ಲಿ ಸಹ್ಯಾದ್ರಿಯ ಇಳಿಜಾರು ಎಷ್ಟು ನಾಜೂಕು ಎಂಬುದಕ್ಕೆ ಅವನ್ನು ಹೆಸರಿಸಿದೆ. ಅಂಥ ಇಳಿಜಾರಿನ ಬುಡವನ್ನು ಬೇಸಿಗೆಯಲ್ಲಿ ಕೆರೆದು ಮಳೆಗಾಲದಲ್ಲಿ ಅದರಡಿ ಮಲಗುವುದು ವಿವೇಕವಲ್ಲ. ಮಣ್ಣು ಬೇಕಿದ್ದರೆ ಬಸಿಗಾಲುವೆಯಲ್ಲಿ ಸೇರಿದ್ದನ್ನು ಎತ್ತಿ. ಕೆರೆಯ ನೀರು ಇಳಿದಿರುವ ಈ ಸಮಯದಲ್ಲಿ ಹೂಳು ತೆಗೆದು, ಒಣಗಿಸಿ ಪುಡಿಮಾಡಿ ತೆಳ್ಳಗೆ ಹರಡಿ. ಕೆರೆಗೂ ಜಾಗವಾಯಿತು, ತೋಟಕ್ಕೂ ಮಣ್ಣಾಯಿತು.

ನೀರು ಕೊಡುವ ವಿಷಯಕ್ಕೆ ಈಗ ಬರುತ್ತೇನೆ. ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಕೊಡುವುದು, ಹನಿ ನೀರಾವರಿಯ ಕೊಳವೆಯನ್ನು ಮುಚ್ಚಿಗೆಯ ಅಡಿಯಲ್ಲಿ ಹಾಯಿಸುವುದು, ಕಟ್ಟಿಕೊಂಡ ತೂತುಗಳನ್ನು ಈಗಲೇ ಪರೀಕ್ಷಿಸುವುದು, ಇವೆಲ್ಲ ನಿಮಗೆ ತಿಳಿದದ್ದೇ. ತೋಟದ ಬಸಿಗಾಲುವೆಯನ್ನು ಸಂಪೂರ್ಣ ಬಿಡಿಸುವ ಕೆಲಸ ಮೇ ತಿಂಗಳಿಗಿರಲಿ. ಈಗ ಅದರಲ್ಲಿ ಅಲ್ಲಲ್ಲಿ ಸಣ್ಣ ತಡೆ ಹಾಕಿದರೆ ಜಿನುಗುವ ನೀರು ನಿಂತು ಪಕ್ಕದ ಬೇರಿಗೆ ಸಿಗುತ್ತದೆ. ನನಗೆ ಹೆಚ್ಚು ಚಿಂತೆಯಿರುವುದು ಹಳ್ಳದ ನೀರಿನ ಬಗ್ಗೆ. ಮೇಲಿನ ತೋಟದವರು ಹಳ್ಳಕ್ಕೆ ಪೂರ್ಣ ಒಡ್ಡು ಕಟ್ಟಿ ರಾತ್ರಿಯಿಡೀ ಪಂಪು ನಡೆಸಿದರೆ ಕೆಳಗಿನವರ ಗುಂಡಿ ಒಣಗುತ್ತದೆ. ಕೆಳಗಿನವರು ಸಿಟ್ಟಿನಿಂದ ಕೊಳವೆಬಾವಿ ತೆಗೆಸುತ್ತಾರೆ. ಅದನ್ನು ನೋಡಿ ಮೇಲಿನವರು ಇನ್ನೂ ಆಳಕ್ಕೆ ತೆಗೆಸುತ್ತಾರೆ. ಒಂದು ಹಳ್ಳದ ನೀರನ್ನು ಸರದಿಯ ಮೇಲೆ ಹಂಚಿಕೊಳ್ಳಲಾರದ ನಾವು ನೆಲದಾಳದ ನೀರನ್ನು ಸ್ಪರ್ಧೆಯಿಂದ ಖಾಲಿ ಮಾಡುತ್ತಿದ್ದೇವೆ. ಒಡ್ಡಿನ ಮೇಲೆ ಸ್ವಲ್ಪವಾದರೂ ನೀರು ಹರಿದು ಮುಂದೆ ಹೋಗಲಿ. ದನಕ್ಕೆ, ಕಾಡುಪ್ರಾಣಿಗೆ, ಮೀನಿಗೆ ಬೇಸಿಗೆಯ ಮೂರು ತಿಂಗಳು ಅದೊಂದೇ ಆಸರೆ. ಗದ್ದೆಗಳನ್ನೆಲ್ಲ ಅಡಿಕೆ ತೋಟ ಮಾಡಿದ್ದರ ಪರಿಣಾಮವನ್ನೂ ಇಲ್ಲಿ ನೆನೆಯಬೇಕು. ಗದ್ದೆ ಮಳೆಗಾಲದಲ್ಲಿ ನೀರನ್ನು ನಿಲ್ಲಿಸಿ ನೆಲಕ್ಕೆ ಇಂಗಿಸುತ್ತಿತ್ತು. ಅಡಿಕೆ ತೋಟ ಮಳೆಗಾಲದಲ್ಲಿ ನೀರನ್ನು ಬಸಿದು ಹೊರಹಾಕುತ್ತದೆ, ಬೇಸಿಗೆಯಲ್ಲಿ ಬೇಡುತ್ತದೆ. ಉಳಿದಿರುವ ಗದ್ದೆಗಳನ್ನಾದರೂ ಗದ್ದೆಯಾಗಿಯೇ ಬಿಡುವ ವಿಚಾರ ಮನೆಮನೆಯಲ್ಲಿ ನಡೆಯಲಿ.

ಇತರ ಸಣ್ಣಪುಟ್ಟ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮಳೆಗಾಲ ಮುಗಿದಾಗಿನಿಂದ ಇಲ್ಲಿಯವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿದ್ದುದರಿಂದ ತೋಟದ ನೈಋತ್ಯ ಅಂಚಿನ ಮರಗಳ ಕಾಂಡಕ್ಕೆ ಇಳಿಬಿಸಿಲು ಬಡಿದಿರುತ್ತದೆ. ಹಳದಿ, ಕಂದು ಕಲೆಯಾದ ಕಾಂಡ ಮುಂದೆ ಸೀಳಿ ಗಾಳಿಗೆ ಮುರಿಯುತ್ತದೆ. ಅಂಥ ಮರಕ್ಕೆ ಸೋಗೆ ಕಟ್ಟಿ ಅಥವಾ ಸುಣ್ಣ ಬಳಿಯಿರಿ, ಆ ಅಂಚಿನಲ್ಲಿ ನೆರಳಿನ ಮರಗಳನ್ನು ಬೆಳೆಸುವ ಯೋಜನೆ ಮಾಡಿ. ಎಳೆಯ ಸಸಿಗೂ ಅದೇ ದಿಕ್ಕಿನಿಂದ ನೆರಳು ಬೇಕು. ಫೆಬ್ರವರಿಯಿಂದ ಮೇವರೆಗೆ ಸಿಂಗಾರ ಒಣಗಿ ಎಳೆಕಾಯಿ ಉದುರುವ ರೋಗ ಹೆಚ್ಚು, ಒಣಗಿದ ಸಿಂಗಾರಗಳನ್ನು ತೆಗೆದುಹಾಕಬೇಕು. ಎಲೆಯ ಅಡಿಭಾಗದಲ್ಲಿ ನುಸಿಯಿದೆಯೇ ನೋಡಿ. ಈಚಿನ ವರ್ಷಗಳಲ್ಲಿ ಮಲೆನಾಡನ್ನು ಕಾಡುತ್ತಿರುವ ಎಲೆಚುಕ್ಕೆ ರೋಗ ತೀವ್ರವಾಗಿರುವಲ್ಲಿ ಮಾತ್ರ ಸೋಗೆಯನ್ನು ಮುಚ್ಚಿಗೆಗೆ ಬಳಸಬೇಡಿ. ರೋಗದ ಎಲೆಗಳನ್ನು ಕತ್ತರಿಸಿ, ತೋಟದಿಂದ ಹೊರಗೆ, ಗುಂಡಿಯೊಳಗೆ, ಇಬ್ಬನಿಯಿರುವ ಬೆಳಗಿನ ಹೊತ್ತು, ಪಕ್ಕದಲ್ಲಿ ನೀರಿಟ್ಟುಕೊಂಡು ಸುಡಬೇಕು. ಸೋಗೆ ಸುಡಬೇಡಿ ಎಂದು ನಾನು ಹೇಳಿದ್ದಕ್ಕೆ ಇದೊಂದೇ ಹೊರತು.

ವಿದ್ಯಾರ್ಥಿ ಮಿತ್ರರೇ, ನಿಮಗೆ ಒಂದು ಕೆಲಸವಿದೆ. ಇದಕ್ಕೆ ಹತ್ತು ಲೀಟರಿನ ಒಂದು ಕೊಡಪಾನ, ಸೆಕೆಂಡು ತೋರಿಸುವ ಒಂದು ಗಡಿಯಾರ, ಒಂದು ನೋಟುಪುಸ್ತಕ ಸಾಕು. ನಿಮ್ಮ ಮನೆಯ ಮೇಲಿನ ಅಬ್ಬಿಯ ನೀರು ಕೊಡಪಾನ ತುಂಬಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆ ಎಂಬುದನ್ನು ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ಬರೆದಿಡಿ. ಇಪ್ಪತ್ತು ಸೆಕೆಂಡಿಗೆ ತುಂಬಿದರೆ ದಿನಕ್ಕೆ 43,200 ಲೀಟರ್. ಹನಿ ನೀರಾವರಿಯ ಲೆಕ್ಕದಲ್ಲಿ ನಾಲ್ಕು ಎಕರೆ ತೋಟಕ್ಕೆ ಆಯಿತು. ಅದೇ ಅಬ್ಬಿ ಏಪ್ರಿಲಿನಲ್ಲಿ ಎಂಬತ್ತು ಸೆಕೆಂಡು ತೆಗೆದುಕೊಂಡರೆ ಒಂದು ಎಕರೆಗೆ ಮಾತ್ರ. ಬಾವಿಯಿದ್ದವರು ಹಗ್ಗಕ್ಕೆ ಗಂಟು ಹಾಕಿ ನೀರಿನ ಮಟ್ಟ ಅಳೆಯಿರಿ. ಜೊತೆಗೆ ಆ ಅಬ್ಬಿಯ ಮೇಲಿನ ಬೆಟ್ಟದಲ್ಲಿ ಈ ವರ್ಷ ಬೆಂಕಿ ಬಿದ್ದಿತೇ, ದರಕು ಗುಡಿಸಲಾಯಿತೇ, ಹೊಸ ಕೊಳವೆಬಾವಿ ಬಂತೇ ಎಂಬುದನ್ನೂ ಬರೆಯಿರಿ. ಮೂರು ನಾಲ್ಕು ಬೇಸಿಗೆಗಳ ಇಂಥ ದಾಖಲೆ ಊರಿನಲ್ಲಿದ್ದರೆ, ಯಾವ ಅಬ್ಬಿ ಏಕೆ ಬತ್ತಿತು ಎಂಬ ಚರ್ಚೆಯಲ್ಲಿ ಗಟ್ಟಿಯಾಗಿ ಮಾತನಾಡುವವರು ಗೆಲ್ಲುವುದು ತಪ್ಪುತ್ತದೆ. ಪಂಚಾಯತಿಯ ಮುಂದೆ ಕೇಳಲು ಹೋದಾಗಲೂ ಕೈಯಲ್ಲಿ ಕಾಗದವಿರುತ್ತದೆ.

ಬೆಂಕಿ ರೇಖೆಯ ಕೆಲಸವನ್ನು ಇದೇ ಪಕ್ಷದೊಳಗೆ ಆರಂಭಿಸಬೇಕೆಂದು ಸಭೆಯ ಮೊದಲು ಕೆಲವರು ಮಾತನಾಡಿಕೊಂಡಿದ್ದಾರೆ. ಯುಗಾದಿಯ ಬಳಿಕವೆಂದು ಮುಂದೂಡಿದರೆ ಹುಲ್ಲು ಪೂರ್ತಿ ಒಣಗಿರುತ್ತದೆ. ಬರುವವರು ಕತ್ತಿ, ದರಕು ತುಂಬುವ ಬುಟ್ಟಿ ಅಥವಾ ಬಲೆ, ಕುಡಿಯುವ ನೀರು ತಂದರೆ ಸಾಕು. ಬೆಳಿಗ್ಗೆ ಏಳು ಗಂಟೆಗೆ, ಇಬ್ಬನಿ ಆರುವ ಮೊದಲೇ ಕೆಲಸ ತೊಡಗಬೇಕು. ಪಸೆಯಿರುವ ದರಕು ಪುಡಿಯಾಗದೆ ಬುಟ್ಟಿಯಲ್ಲಿ ಚೆನ್ನಾಗಿ ಕೂರುತ್ತದೆ. ಯಾವ ಗುಡ್ಡದಿಂದ ಆರಂಭ ಎಂಬುದನ್ನು ಈ ಸಭೆ ಮುಗಿದ ಕೂಡಲೇ, ಚಹಾ ಕುಡಿಯುತ್ತ, ಇಲ್ಲಿಯೇ ನಿರ್ಧರಿಸೋಣ.